ಕೆಂಚಿನ್ನ ಕೇಳಿದ್ಯೇನು?

ನೀರಿನ ಮ್ಯಾಲ ನಿಂತು ಹುಟ್ಟು ಹಾಕ್ಕೋತ ಹೋಗೂ ಹಲಗಿಗೆ ಗಾಳಿ ಹೊಡಿಯೂದು ಸಾದಾ ಕೆಲಸ ಅಲ್ಲ. ಮೊದಲಿನ ಐದು ನಿಮಿಷ ಪಂಪಿನ ಮೀಟರ್‌ನ್ಯಾಗ ಮುಳ್ಳು ಅಳ್ಳಾಡಂಗಿಲ್ಲ, ಸುಮ್ಮ ಹೊಡಕೋತ ಹೋಗೂದು, ಆಮ್ಯಾಲ ಒಮ್ಮಿಗಲೇ ಬಿಗಿ ಆಗಾಕ ಹತ್ತತೈತಿ, 15 ಪಿಎಸ್‌ಐ ಮುಟ್ಟಸೂದ್ರಾಗ ಬನಿಯನ್ ತೊಯ್ದು ಮೈಗೆ ಅಂಟಿರತೈತಿ. ಕಾರಿನ ಟೈರಿನ್ಯಾಗ ಇದರ ಎರಡು ಪಟ್ಟು ಇರತೈತಿ ಖರೆ, ಆದ್ರ ಟೈರಿಗೆ ನಾವೇನು ಕೈಲೆ ಹೊಡಿಯಂಗಿಲ್ಲಲ್ಲ. ಹೋದ ವರ್ಷ ಶ್ರಾವಣ ಮುಗದ ಮ್ಯಾಲ ಒಂದಿನ ಮುಂಜಾನೆ ಬಾಗಲಕೋಟಿ ನವನಗರದ ನಮ್ಮ ಮನಿ ಅಂಗಳದಾಗ ಹಿಂಗ ಪಂಪ್ ಹೊಡಕೋತ ನಿಂತಿದ್ನಿ, ಬಾಗಲದಾಗ ನಮ್ಮ ನಾಯಿ ಕೆಂಚಿ ನಿಂತು ನೋಡಾಕತ್ತಿತ್ತು, ಕಟ್ಟಿ ಮ್ಯಾಲ ಅಪ್ಪ ಚಾ ಕುಡಕೋತ ಕುಂತಿದ್ದ. ಕಪ್ಪು ಕೆಳಗಿಟ್ಟು ಕೇಳಿದ, "ಅಲ್ಲೋ ತಮ್ಮಾ, ಅದನ್ನ ಕೇಳಿದ್ಯೇನು?"

"ಯಾರನ್ನ?"

"ಕೆಂಚಿನ್ನಪಾ. ನೀರಿಗೆ ಬರ್ತಿ ಏನವಾ ಅಂತ."

ನಾ ನಕ್ಕು ಬಿಟ್ನಿ. ಅಪ್ಪ ನಗಲಿಲ್ಲ, ಚಾ ಮುಗಿಸಿ ಒಳಗ ಎದ್ದು ಹೋದ. ಆವತ್ತಿನಿಂದ ಈ ಮಾತು ಚಪ್ಪಲ್ಯಾಗ ಹೊಕ್ಕ ಹಳ್ಳಿನಂಗ ಆಗೈತಿ, ನಡದಾಗೊಮ್ಮೆ ಚುಚ್ಚತೈತಿ.

ಕೆಂಚಿ ಮುಧೋಳ ನಾಯಿ. ಮುಧೋಳ ಕಡೆ ಒಂದು ಹಳ್ಳ್ಯಾಗ ಪರಿಚಯದವರ ಮನ್ಯಾಗಿಂದ ಎರಡು ತಿಂಗಳ ಮರಿ ಇದ್ದಾಗ ತಂದಿದ್ದು, ಬಣ್ಣ ಕೆಂಚಗ ಇತ್ತಂತ ಅವ್ವ ಕೆಂಚಿ ಅಂದ್ಲು, ಅದ ಉಳೀತು. ಈ ನಾಯಿ ಪುರಾಣ ನಮ್ಮ ಜಿಲ್ಲೆದವರಿಗೆ ಬಿಡಿಸಿ ಹೇಳೂದೇನೈತಿ, ಮುಧೋಳದ ಘೋರ್ಪಡೆ ರಾಜರು, ಅವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಕೊಟ್ಟ ಜೋಡಿ, ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರ, ಮಿಲಿಟರಿಗೆ ಹೋದ ಮರಿಗಳು, ಎಲ್ಲಾ ಕೇಳಿ ಕೇಳಿ ಸಾಕಾಗಿರತೈತಿ. 2005ರಾಗ ಅಂಚೆ ಇಲಾಖೆದವ್ರು ಇದರ ಸ್ಟಾಂಪ್ ತಗದ್ರು. ನಮ್ಮ ದೋಸ್ತ ಒಬ್ಬ ಯಾವಾಗ್ಲೂ ಚಾಷ್ಟಿ ಮಾಡ್ತಾನ, "ಸ್ಟಾಂಪಿನ ಮ್ಯಾಲ ನಿಂತ ಜಾತಿನ ಹಲಗಿ ಮ್ಯಾಲ ನಿಲ್ಲಸಾಕ ಹೊಂಟೀಯಲ್ಲೋ" ಅಂತ.

ಖರೆ ಹೇಳಬೇಕಂದ್ರ ಇದಕ್ಕ ತಕ್ಕ ನಾಯಿ ಅಲ್ಲ ಇದು. ನೀರಿನ ನಾಯಿ ಅಂದ್ರ ಲ್ಯಾಬ್ರಡಾರ್, ಅದರ ಮೈಯಾಗ ಕೊಬ್ಬು ಐತಿ, ತುಪ್ಪಳದಾಗ ಎಣ್ಣಿ ಐತಿ, ನೀರು ಕಂಡ್ರ ತಾನ ಹಾರತೈತಿ. ಕೆಂಚಿ ಮೈಯಾಗ ಎಲವು, ನರ, ಮಾಂಸ ಅಷ್ಟ, ಕೊಬ್ಬು ಹುಡುಕಿದ್ರೂ ಸಿಗಂಗಿಲ್ಲ, ನೀರಾಗ ಬಿಟ್ರ ಹಿಂದಿನ ಕಾಲು ಮುಳುಗತಾವ. ಡಿಸೆಂಬರ್ ಮುಂಜಾನೆ ಅಂಗಳಕ್ಕ ಬಂದ್ರ ಗಡಗಡ ನಡಗತೈತಿ. ಇದರ ಕೆಲಸ ಏನಿದ್ರೂ ಎರಿ ಹೊಲದಾಗ ಮೊಲ ಕಂಡ್ರ ಓಡೂದು, ಕಣ್ಣಿಲೆ ಹಿಡದು ಕಾಲಿಲೆ ಬೆನ್ನಟ್ಟೂದು. ಹಂತಾದಕ್ಕ ನಾ ಹತ್ತೂವರಿ ಫೂಟಿನ ಗಾಳಿ ಹಲಗಿ ಮ್ಯಾಲ ಅಳ್ಳಾಡದ ನಿಲ್ಲು ಅಂತ ಕಲಿಸಾಕ ಹೊಂಟಿದ್ನಿ. ಯಾಕಂದ್ರ ನನಗ ಬೇಕಾಗಿತ್ತು. ಬೆಂಗಳೂರಿನ ಕೆಲಸ ಮನ್ಯಾಗಿಂದ ಮಾಡಾಕ ಬಂದವ, ಬ್ಯಾಸರಾಗಿತ್ತು, ಅಲ್ಲಿ ಒಬ್ಬ ಗೆಳೆಯಾ ಊರು ಬಿಡೂವಾಗ ಹಲಗಿ ಅಗ್ಗದಾಗ ಕೊಟ್ಟಿದ್ದ, ಮೊಬೈಲ್‌ನ್ಯಾಗ ಫಾರಿನ್ ನಾಯಿಗಳು ಕನ್ನಡಕ ಹಾಕ್ಕೊಂಡು ಹಲಗಿ ಮುಂದ ಕುಂತು ಹೋಗೂದು ನೋಡಿದ್ನಿ. ಕಾರಣ ಇಷ್ಟ.

ಹಾಲ್‌ನ್ಯಾಗ ಹಲಗಿ

ಇದಕ್ಕ ಪ್ಯಾಡಲ್ ಬೋರ್ಡ್ ಅಂತಾರ, ಆದ್ರ ಓಣಿ ಹುಡುಗ್ರು ಮೊದಲನೇ ದಿನಾನ "ಅಂಕಲ್, ಇದೆಂಥಾ ಹಲಗಿ" ಅಂದ್ರು, ಮನ್ಯಾಗೂ ಅದ ಹೆಸರಾತು. ಬಾಗಲಕೋಟ್ಯಾಗ ಹಲಗಿ ಅಂದ್ರ ಮದಲ ಹೋಳಿ ಹಲಗಿ ನೆನಪಾಗತೈತಿ, ಬಣ್ಣದ ಬ್ಯಾರಲ್ ಹೇರಿದ ಬಂಡಿ, ಹಗಲು ರಾತ್ರಿ ಬಡಿಯೂ ಹಲಗಿ. ಕೆಂಚಿಗೆ ಆ ಹಲಗಿ ಸಪ್ಪಳ ಅಂದ್ರ ಜೀವ ಹೋಕ್ಕೈತಿ, ಹೋಳಿ ಮುಗಿಯೂತನ ಹೊರಸಿನ ಕೆಳಗಿಂದ ಹೊರಗ ಬರಂಗಿಲ್ಲ. ಒಂದು ಹಲಗಿಗೆ ಅಂಜೂ ನಾಯಿಗೆ ಇನ್ನೊಂದು ಹಲಗಿ ಹತ್ತಸಬೇಕಾಗಿತ್ತು.

ನೀರಿಗೆ ಮದಲ ಮನಿ ಅಂತ ಓದಿದ್ನಿ, ಅದು ಚಲೋ ಮಾತು. ಅರ್ಧ ಗಾಳಿ ತುಂಬಿ ಹಾಲ್‌ನ್ಯಾಗ ಒಗದು ಬಿಟ್ನಿ, ಹತ್ತು ಅಂತ ಅನ್ನಲಿಲ್ಲ, ಅದರ ಊಟದ ತಾಟು ಹಲಗಿ ಮ್ಯಾಲ ಇಟ್ನಿ ಅಷ್ಟ. ಮೊದಲನೇ ದಿನ ಮುಂಗಾಲು ಎರಡು ಮ್ಯಾಲ, ಹಿಂಗಾಲು ಎರಡು ನೆಲದಾಗ ಇಟ್ಟು, ಕುತ್ತಿಗಿ ಒಂಟಿಯಂಗ ಚಾಚಿ ಉಂಡ್ತು. ನಾಕು ದಿನಕ್ಕ ನಾಕೂ ಕಾಲು ಬಂದ್ವು. ಆಮ್ಯಾಲ ಪೂರಾ ಗಾಳಿ. ಆಮ್ಯಾಲ ಅವ್ವನ ಕೌದಿ ಎರಡು ಸುತ್ತಿ ಹಲಗಿ ನಡುವ ಕೆಳಗ ಇಟ್ನಿ, ಅತ್ಲಾಗ ಇತ್ಲಾಗ ಜರ ವಾಲಾಡಲಿ ಅಂತ. ಅವ್ವ ಬೈದ್ಲು, ಆಕಿ ಬೈದದ್ದು ನಾಯಿ ಸಲುವಾಗಿ ಅಲ್ಲ, ಕೌದಿ ಸಲುವಾಗಿ. ಹುಟ್ಟು ಮಾತ್ರ ತ್ರಾಸ ಕೊಟ್ಟಿತು. ಹುಟ್ಟು ಅಂದ್ರ ಪ್ಯಾಡಲ್, ಅದನ್ನ ಎತ್ತಿದ್ರ ಸಾಕು ಕೆಂಚಿ ಬಾಲ ಕಾಲ ಸಂದ್ಯಾಗ ಹೋಗ್ತಿತ್ತು. ಹಳ್ಳಿ ನಾಯಿಗೆ ಮನಷ್ಯಾ ಎತ್ತಿದ ಉದ್ದನ ಬಡಿಗಿ ಅಂದ್ರ ಒಂದ ಅರ್ಥ. ಹದಿನೈದು ದಿನ ಅದರ ಹಾಸಿಗಿ ಬಾಜೂಕ ಹುಟ್ಟು ಮಲಗಿಸಿ ಇಟ್ಟಿದ್ನಿ.

ಒಂದು ವಿಷಯ ಯಾವ ವಿಡಿಯೋದಾಗೂ ಹೇಳಲಿಲ್ಲ. ಈ ಜಾತಿ ನಾಯಿಗೆ ಕುಂಡ್ರೂದು ಅಂದ್ರ ಸಲೀಸಲ್ಲ, ತೊಡಿ ಮಾಂಸ ದಪ್ಪ, ಕಾಲು ಉದ್ದ, ಕುಂತ್ರೂ ಕುಂಡಿ ನೆಲಕ್ಕ ಪೂರಾ ಹತ್ತಂಗಿಲ್ಲ, ಎರಡು ನಿಮಿಷಕ್ಕ ಎದ್ದು ನಿಲ್ಲತೈತಿ. ನಿಂತ್ರ ಅಷ್ಟು ಎತ್ತರದ ನಾಯಿ ಭಾರ ಎಲ್ಲಾ ಮ್ಯಾಲ, ಹಲಗಿ ತೊಟ್ಟಿಲಾಗತೈತಿ. ಅದಕ್ಕ "ಕೂಡು" ಬಿಟ್ಟು "ಮಲ್ಕೊ" ಕಲಿಸಿದ್ನಿ, ನಡುವ ಎತ್ತೂ ಹಿಡಿಕಿ ಇರತೈತಲ್ಲ, ಅದರ ಮುಂದ, ನನ್ನ ಕಾಲಿಗೆ ಬೆನ್ನು ಹಚ್ಚಿ. ಉಡುಗೊರಿ ಏನಂದ್ರ ಕಟಕ್ ರೊಟ್ಟಿ ಚೂರು. ಬಿಸ್ಕೀಟು ಮೂಸಿ ನೋಡೂ ನಾಯಿ ಜ್ವಾಳದ ರೊಟ್ಟಿಗೆ ಏನು ಬೇಕಾದ್ರೂ ಮಾಡತೈತಿ, ಅಪ್ಪಗ ಅದೂ ಸಿಟ್ಟು, "ಲಂಚ ಕೊಟ್ಟು ಹೂಂ ಅನಸಾಕತ್ತಿ" ಅಂತ.

ಲೈಫ್ ಜಾಕೆಟ್ ಆನ್‌ಲೈನ್‌ನ್ಯಾಗ ತರಿಸಿದ್ನಿ, ಬೆನ್ನ ಮ್ಯಾಲ ಹಿಡಿಕಿ ಇರೂದು, ಅದು ಇಲ್ದ ತರಸಬ್ಯಾಡ್ರಿ. ಅಳತಿ ಹೊಂದಲಿಲ್ಲ. ಎದಿ ಡೊಳ್ಳಿನಂಗ, ನಡ ಹಿಡಿ ಅಷ್ಟ, ಎದಿಗೆ ಸರಿ ಆದದ್ದು ಹೊಟ್ಟಿ ಕಡೆ ಜೋಲಿಯಂಗ ಜೋತಾಡ್ತಿತ್ತು. ಸ್ಕೂಲ್ ಬ್ಯಾಗ್ ಹೊಲಿಯಾವನ ಕಡೆ ಒಯ್ದು ಇನ್ನೊಂದು ಪಟ್ಟಿ ಹಾಕಿಸಿದ್ನಿ. ಅವ ಅಳತಿ ತಗೊಳ್ಳಾಕ ಟೇಪು ಹಿಡದು ಕೆಂಚಿ ಮುಂದ ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಅಂಜಿ ನಿಂತಿದ್ರು.

ಹೊಂಡದಾಗ

ಮೊದಲನೇ ನೀರು ಎಲ್ಲಿ ಅನ್ನೂದ್ರಾಗ ತಪ್ಪು ಮಾಡಿದ್ನಿ. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಒಯ್ಯೂ ಪ್ರಶ್ನಿನ ಇರಲಿಲ್ಲ, ಕೃಷ್ಣಾದಾಗ ಮೊಸಳಿ ಅದಾವ ಅನ್ನೂದು ದಂಡಿ ಊರಿನ ಸಣ್ಣ ಹುಡುಗಗೂ ಗೊತ್ತು, ನಾಯಿ ಅಂದ್ರ ಮೊಸಳಿಗೆ ತುತ್ತು. ಬೀಳಗಿ ಕಡೆ ದೋಸ್ತನ ಹೊಲದಾಗ ಕೃಷಿ ಹೊಂಡ ಇತ್ತು, ನಿಂತ ನೀರು, ಮೊಸಳಿ ಇಲ್ಲ, ಸೆಳವು ಇಲ್ಲ, ಇದಕ್ಕಿಂತ ಸುರಕ್ಷಿತ ಏನೈತಿ ಅನಿಸ್ತು.

ಹೊಂಡ ನೋಡಿದವ್ರಿಗೆ ಗೊತ್ತು, ನಾಕೂ ಕಡೆ ಇಳಿಜಾರು, ನೀರು ಇಂಗಬಾರದಂತ ಪ್ಲಾಸ್ಟಿಕ್ ತಾಡಪಾಲು ಹಾಸಿರತಾರ, ಅದರ ಮ್ಯಾಲ ಹಾಂವಸಿ ಬೆಳದಿರತೈತಿ. ದಂಡ್ಯಾಗ ಮೊಳಕಾಲುದ್ದ ನೀರು ಅನ್ನೂದ ಇಲ್ಲ, ಇಳದ್ರ ಒಮ್ಮಿಗಲೇ ಆಳ. ದಂಡಿಗೆ ಹಲಗಿ ಹಚ್ಚಿ ಹಿಡದ್ನಿ, ರೊಟ್ಟಿ ತೋರಿಸಿದ್ನಿ, ಕರದ್ನಿ. ಕೆಂಚಿ ಆಕಳಿಸ್ತು. ತುಟಿ ನೆಕ್ಕೋತು. ಮಾರಿ ಬ್ಯಾರೆ ಕಡೆ ಹೊಳ್ಳಿಸಿತು. ನಾ ಮತ್ತ ಕರದ್ನಿ, ದನಿ ಜರ ಬಿರುಸು ಮಾಡಿ ಕರದ್ನಿ, ಬಂದು ಹತ್ತಿ ಮಲ್ಕೋತು. ನಾ ಗೆದ್ದೆ ಅನ್ಕೊಂಡ್ನಿ. ಮೊಳಕಾಲೂರಿ ಕುಂತು ಎರಡು ಹುಟ್ಟು ಹಾಕಿದ್ನಿ, ನಡುನೀರಿಗೆ ಬಂದ್ವಿ, ಒಡ್ಡಿನ ಮ್ಯಾಲ ಯಾರದೋ ಆಡು ಬಂದು ನಿಂತ್ವು, ಕೆಂಚಿ ಸಟ್ಟನ ಎದ್ದು ನಿಂತ್ತು, ಮುಗೀತು, ಇಬ್ಬರೂ ನೀರಾಗ.

ಜಾಕೆಟ್ ಇತ್ತು, ತೇಲ್ತು. ಸೀದಾ ದಂಡಿಗೆ ಈಸಿಕೊಂಡು ಹೋತು. ಮುಂಗಾಲು ಪ್ಲಾಸ್ಟಿಕ್ ಮ್ಯಾಲ ಇಟ್ಟಿತು, ಜಾರ್ತು. ಮತ್ತ ಇಟ್ಟಿತು, ಜಾರ್ತು. ಉಗುರು ಪ್ಲಾಸ್ಟಿಕ್ ಕೆರಿಯೂ ಸಪ್ಪಳ ಐತಲ್ಲ, ಚರ್‌ ಚರ್‌ ಚರ್‌ ಅಂತ, ಅದು ಈಗೂ ಒಮ್ಮೊಮ್ಮೆ ರಾತ್ರಿ ಕಿವ್ಯಾಗ ಬರತೈತಿ. ನಾ ಹೋಗಿ ಹಿಡಿಕಿ ಹಿಡದು ಮ್ಯಾಲ ದಬ್ಬಾಕ ನೋಡಿದ್ನಿ, ನನ್ನ ಕಾಲಿಗೂ ನೆಲ ಸಿಗವಲ್ದು, ನಾನೂ ಜಾರಾಕತ್ತಿದ್ನಿ, ನನಗೂ ಜಾಕೆಟ್ ಇರದಿದ್ರ ಈ ಬರಹ ಇರ್ತಿರಲಿಲ್ಲ. ದೋಸ್ತ ಟ್ರಾಲಿಯಿಂದ ಹಗ್ಗ ತಂದು ಒಗದ, ಒಂದು ಕೈಲೆ ಹಗ್ಗ, ಇನ್ನೊಂದು ಕೈಲೆ ಕೆಂಚಿ ಹಿಡಿಕಿ. ಎಲ್ಲಾ ಸೇರಿ ಎರಡು ಮೂರು ನಿಮಿಷ ಆಗಿರಬೇಕು ಅಷ್ಟ. (ಹೊಲದಾಗ ಹೊಂಡ ಇದ್ದವ್ರು ಒಂದು ಕೆಲಸ ಮಾಡ್ರಿ, ಹಳೇ ಟೈರ್ ಕಟ್ಟಿದ ಹಗ್ಗ ನಾಕೂ ಕಡೆ ಇಳಿಬಿಡ್ರಿ, ಸುತ್ತ ಬೇಲಿ ಹಾಕ್ರಿ. ಈಸಾಕ ಬರೂ ಮನಷ್ಯಾರೂ ಇದರಾಗ ಹೋಗ್ಯಾರ, ಮುಳುಗಿ ಅಲ್ಲ, ಹತ್ತಾಕ ಬರದ ದಣದು.) ಮತ್ತ ಒಂದು, ಬೀಳಬಾರದಂತ ನಾಯಿನ್ನ ಹಲಗಿಗೆ ಕಟ್ಟು ಅಂತ ಅದ ದೋಸ್ತ ಮುಂಜಾನೆ ಹೇಳಿದ್ದ, ಕಟ್ಟಿದ್ರ ಹಲಗಿ ಮಗಚಿದಾಗ ಅದು ಹಲಗಿ ಕೆಳಗ ಸಿಕ್ಕೋತಿತ್ತು. ಒಂದು ಸರಿಯಾದ ಕೆಲಸ ಮಾಡಿದ್ನಿ ಅವತ್ತು ಅಂದ್ರ ಅದು.

ಕೆಂಚಿ ಮೈ ಝಾಡಿಸ್ಕೊಂಡು ಟ್ರಾಲಿ ಕೆಳಗ ಹೋಗಿ ಕುಂತ್ತು, ಒಂದು ತಾಸು ಹೊರಗ ಬರಲಿಲ್ಲ. ರೊಟ್ಟಿ ಕೊಟ್ರ ಮೂಸಲಿಲ್ಲ. ನಾ ಬಾಜೂಕ ಮಣ್ಣಾಗ ಕುಂತು ಆ ಆಕಳಿಕಿ ನೆನಿಸಿಕೊಂಡ್ನಿ. ನಿದ್ದಿ ಆಕಳಿಕಿ ಅಲ್ಲ ಅದು, ನಾಯಿ ಒಲ್ಲೆ ಅನ್ನೂದ ಹಂಗ. ಒಂದಲ್ಲ ಮೂರು ಸಲ ಒಲ್ಲೆ ಅಂದಿತ್ತು, ಆಮ್ಯಾಲ ನನ್ನ ದನಿಗೆ ಅಂಜಿ ಬಂದಿತ್ತು. ಅಪ್ಪ ಕೇಳು ಅಂದಿದ್ದ. ಕೇಳೂದಕ್ಕ ಮದಲ ಅದು ಉತ್ತರಾನ ಕೊಟ್ಟಿತ್ತಲ್ಲ, ನಾ ಕೇಳಸ್ಕೊಳ್ಳಲಿಲ್ಲ.

ಮುಚಖಂಡಿ ಕೆರಿ

ಎರಡು ತಿಂಗಳು ಹಲಗಿ ಅಟ್ಟದ ಮ್ಯಾಲ ಇತ್ತು. ಕೆಳಗ ಇಳಿಸಿದ್ದು ಬರೇ ನನ್ನ ಸಲುವಾಗಿ, ಮುಚಖಂಡಿ ಕೆರ್‍ಯಾಗ ನೀರು ಬಂದೈತಿ ಅಂತ ಗೊತ್ತಾಗಿ. ಬ್ರಿಟಿಷರ ಕಾಲದ ಕೆರಿ, ಒಂದು ಕಡೆ ಕಲ್ಲಿನ ಒಡ್ಡು, ಇನ್ನೊಂದು ಕಡೆ ಮೆಲ್ಲಕ ಇಳಿಯೂ ದಂಡಿ, ಹತ್ತು ಹೆಜ್ಜಿ ಹೋದ್ರೂ ನೀರು ಮೊಳಕಾಲಿಗೆ ಬರತೈತಿ. ಕೆಂಚಿ ಕಾರಿನ್ಯಾಗ ತಾನ ಹತ್ತಿ ಕುಂತ್ತು, ತಿರುಗಾಡಾಕ ಹೋಗತೇವಿ ಅನ್ಕೊಂಡಿರಬೇಕು, ನಾ ಬ್ಯಾಡ ಅನ್ನಲಿಲ್ಲ.

ಅಲ್ಲಿ ಮೀನು ಹಿಡಿಯಾವ ಒಬ್ಬ ಇದ್ದ. ಥರ್ಮಾಕೋಲ್ ತುಂಡುಗಳ್ನ ಬಲಿಲೆ ಬಿಗದು ಮಾಡಿದ ತೆಪ್ಪ, ಅದರ ಮ್ಯಾಲ ಅವ, ಅವನ ಹಿಂದ ಒಂದು ಕರೀ ಬೀದಿನಾಯಿ. ಆ ನಾಯಿ ಹಂಗ ಕುಂತಿತ್ತು ನೋಡ್ರಿ, ಬಸ್ಸಿನ ಕಿಡಕಿ ಸೀಟಿನ್ಯಾಗ ಕುಂತಂಗ. ನನಗ ಹೊಟ್ಟಿಕಿಚ್ಚಾತು. ದಂಡಿಗೆ ಬಂದಾಗ ಕೇಳಿದ್ನಿ, "ಕಾಕಾ, ಇದಕ್ಕ ಹೆಂಗ ಕಲಿಸಿದ್ರಿ?" ಅವ ನನ್ನ ಹಲಗಿ ನೋಡಿದ, ಕೆಂಚಿ ಜಾಕೆಟ್ ನೋಡಿದ, ಎಲಿ ಅಡಿಕಿ ಉಗುಳಿ ಅಂದ, "ಕಲಿಸೂದೇನ್ರಿ ಸಾಹೇಬ್ರ. ಬಲ್ಯಾಗ ಸಣ್ಣ ಮೀನು ಬಂದ್ರ ಅದಕ್ಕ ಒಗಿತೇನಿ. ಅದಕ್ಕ ಅಲ್ಲಿ ಕೆಲಸೈತಿ. ನಿಮ್ಮದಕ್ಕ ಅಲ್ಲೇನೈತಿ?"

ಇದಕ್ಕೂ ನನ್ನ ಕಡೆ ಉತ್ತರ ಇರಲಿಲ್ಲ. ನಾ ಒಬ್ಬನ ಹೋದ್ನಿ. ಹಿಂದ ನೋಡಿದ್ರ ಕೆಂಚಿ ದಂಡಿಗುಂಟ ಓಡಾಕತ್ತಿತ್ತು, ನಾ ಎತ್ಲಾಗ ಹೋದ್ರ ಅತ್ಲಾಗ, ಕುಂಯ್ ಕುಂಯ್ ಅಂತ. ಹೊಳ್ಳಿ ಬಂದು ಹಲಗಿ ಅರ್ಧ ಉಸುಕಿನ್ಯಾಗ ಎಳದು, ನಾ ಜರ ದೂರ ಹೋಗಿ ಕುಂತ್ನಿ. ಕರೀಲಿಲ್ಲ, ರೊಟ್ಟಿ ತೋರಿಸಲಿಲ್ಲ, ಅದರ ಕಡೆ ನೋಡಲಿಲ್ಲ ಸೈತ. ಐದು ನಿಮಿಷ ಮೂಸಿ ಮೂಸಿ ಸುತ್ತು ಹೊಡೀತು, ಹತ್ತಿತು, ಹಿಡಿಕಿ ಮುಂದ ಮೂರು ಸುತ್ತು ತಿರಗಿ ಮಲ್ಕೋತು, ಹಾಲ್‌ನ್ಯಾಗ ಮಲಗಿದಂಗ.

ಆವತ್ತು ಹೋಗಿದ್ದು ಇಪ್ಪತ್ತು ಹುಟ್ಟು ಅಷ್ಟ, ನನ್ನ ಎದಿ ಮಟ್ಟದ ನೀರು ಬಿಟ್ಟು ಮುಂದ ಹೋಗಲಿಲ್ಲ. ಮುಂದಿನ ವಾರ ಒಂದು ಬೆಳ್ಳಕ್ಕಿ ನಮ್ಮ ಮುಂದ ಹಾರಿ ಹೋತು, ಇದು ಸ್ಪ್ರಿಂಗಿನಂಗ ಜಿಗದು ನೀರಿಗೆ ಬಿತ್ತು, ಕಣ್ಣಿಗೆ ಏನರ ಓಡೂದು ಬಿತ್ತಂದ್ರ ಕಲಿಸಿದ್ದು ಎಲ್ಲಾ ಕೆರಿಗೆ ಹಾಕಿದಂಗ. ಆದ್ರ ಇಲ್ಲಿ ಕಾಲಿಗೆ ನೆಲ ಸಿಕ್ತು, ನಡಕೋತ ಹೊರಗ ಬಂತು, ನನ್ನ ಮಾರಿಗೆ ನೀರು ಝಾಡಿಸಿತು. ಮುಂಜಾನೆ ಎಂಟರ ಒಳಗ ಮುಗಸತೇವಿ, ಬಿಸಲಾದ್ರ ಹಲಗಿ ಮ್ಯಾಲಿನ ರಬ್ಬರು ಹಂಚಿನಂಗ ಕಾಯತೈತಿ, ಪಾದಕ್ಕ ಚುರುಕ್ಕಂತೈತಿ. ಗಾಳಿ ಎದ್ದ ದಿನ ಇಳಿಯಂಗಿಲ್ಲ.

ಈಗ ನಮ್ಮ ಕರಾರು ಏನಂದ್ರ, ಹಲಗಿ ದಂಡ್ಯಾಗ ಇಡತೇನಿ, ಸುಮ್ಮ ಕುಂಡರತೇನಿ. ಬಂದ್ರ ಬಂತು. ಸುಮಾರು ಅರ್ಧ ದಿನ ಬರತೈತಿ, ಅರ್ಧ ದಿನ ಬರಂಗಿಲ್ಲ. ಬರದಿದ್ದ ದಿನ ನನಗ ಸಿಟ್ಟು ಬರತೈತಿ, ಸುಳ್ಳು ಯಾಕ ಹೇಳ್ಲಿ, ಇಷ್ಟು ಪಂಪ್ ಹೊಡದು, ಪೆಟ್ರೋಲ್ ಸುಟ್ಟು ಬಂದಿರತೇನಿ. ಇದು ಕೇಳಿದಂಗ ಆತಾ ಅನ್ನೂದೂ ಪೂರಾ ಖಾತ್ರಿ ಇಲ್ಲ. ಬಿಟ್ಟು ಹೋಗ್ತಾನ ಅನ್ನೂ ಅಂಜಿಕಿಗೆ ಹತ್ತತೈತೋ, ಖುಷಿಗೆ ಹತ್ತತೈತೋ, ಹಲಗಿ ಮ್ಯಾಲ ಮಲಗಿದಾಗೂ ಅದರ ಕಣ್ಣು ದಂಡಿ ಮ್ಯಾಲ ಇರತಾವ.

519.60

ಅಪ್ಪಗ ನೀರು ಕಂಡ್ರ ಆಗಂಗಿಲ್ಲ ಅಂತ ನಾವು ಸಣ್ಣಾವ್ರಿದ್ದಾಗ ತಿಳಕೊಂಡಿದ್ವಿ, ಅದು ತಪ್ಪು. ಅಂವಾ ಘಟಪ್ರಭಾ ಹೊಳ್ಯಾಗ ಈಸು ಬಿದ್ದು ಬೆಳದಾಂವ. ಹಳೇ ಬಾಗಲಕೋಟ್ಯಾಗ ನಮ್ಮ ಮನಿ ಇತ್ತು, ಈಗ ಆಲಮಟ್ಟಿ ಹಿನ್ನೀರಿನ್ಯಾಗ ಐತಿ. ಅಣೆಕಟ್ಟಿನ ಅಡಿಗಲ್ಲು 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಟ್ಟಾಗ ಅಪ್ಪ ಇನ್ನೂ ಸಣ್ಣಾಂವ, ನೀರು ಮನಿಗೆ ಬರೂದ್ರಾಗ ನಾ ಹುಟ್ಟಿ ಸಾಲಿಗೆ ಹೋಗ್ತಿದ್ನಿ, ಹಂಗಾಗಿ ಅವರ ಪೀಳಿಗಿ ಪೂರಾ "ಬರತೈತಂತ, ಬರತೈತಂತ" ಅಂತನ ಬದುಕಿತು. ಬಾಗಲು, ತೊಲಿ, ಕಿಡಕಿ ಬಿಚ್ಚಿ ಬಂಡ್ಯಾಗ ಹೇರಿ ನವನಗರಕ್ಕ ತಂದ್ರು. ಈಗಿನ ಮನಿ ಮುಂಬಾಗಲ ಆ ಮನಿದ, ನವನಗರದ ಗ್ವಾಡಿಗೆ ಅದರ ಚೌಕಟ್ಟು ದೊಡ್ಡದಾತು, ಮ್ಯಾಲ ಒಂದು ಗೇಣು ಗ್ವಾಡಿ ಒಡದು ಕೂಡಿಸ್ಯಾರ, ಕೆಂಚಿ ದಿನಾ ನಿಂತು ನೋಡೂದು ಅದ ಬಾಗಲದಾಗ.

ಅಪ್ಪ ಊರಿನ ಮಂದಿಯಂಗ ಎಲ್ಲಾದನ್ನೂ ಮಟ್ಟದ ಮ್ಯಾಲ ಅಳಿತಾನ. ಯಾರರ ಹಳೇ ಮನಿ ಮಾತು ಬಂದ್ರ, ಅದು 519.60ರ (ಆಲಮಟ್ಟಿ ನೀರು ನಿಲ್ಲೂ ಮಟ್ಟ, ಮೀಟರ್ ಲೆಕ್ಕದಾಗ) ಒಳಗ ಬರತೈತೋ ಹೊರಗೋ ಅಂತಾನ. 2010ರಾಗ ಕೃಷ್ಣಾ ನೀರಿನ ನ್ಯಾಯಮಂಡಳಿ ಆಲಮಟ್ಟಿ ಮಟ್ಟ 524.256 ಮೀಟರ್‌ಗೆ ಏರಸಬಹುದು ಅಂದ ದಿನ ಪೇಪರ್ ಕತ್ತರಿಸಿ ಇಟ್ಕೊಂಡಾನ. ವರ್ಷಾ ಹೋಳಿಗೆ ಹಳೇ ಊರಿಗೆ ಹೋಗ್ತಾನ, ಹಲಗಿ ಬಡಿತಾನ, ಕೈ ಬೊಬ್ಬಿ ಬರೂತನ. ಆದ್ರ ನೀರಿನ ದಂಡಿಗೆ ಹೋಗಿ ನಿಂತಿದ್ದು ನಾ ನೋಡಿಲ್ಲ.

ಹೊಂಡದ ಕಥಿ ಹೇಳಿದ ರಾತ್ರಿ ಅಪ್ಪ ಬೈಯಲಿಲ್ಲ. ಕೆಂಚಿ ಪಾದ ಎತ್ತಿ ಉಗುರು ನೋಡಿದ, ಎರಡು ಉಗುರು ತೇದು ರಕ್ತ ಬಂದಿತ್ತು, ಅರಿಶಿಣ ಹಚ್ಚಿದ. "ನಮಗೂ ನೋಟಿಸು ಕೊಟ್ಟಿದ್ರು," ಅಂದ. "ಅದು ಕೇಳಿದಂಗಲ್ಲ, ಹೇಳಿದಂಗ." ಮುಂದ ಮಾತಾಡಲಿಲ್ಲ. ನನಗ ಎರಡೂ ಒಂದ ತಕ್ಕಡ್ಯಾಗ ಹಾಕೂದು ಅತಿ ಅನಿಸ್ತು ಆಗ, ಊರು ಮುಳುಗಿದ್ದೆಲ್ಲಿ, ನನ್ನ ಶೋಕಿ ಎಲ್ಲಿ. ಈಗೂ ಅತಿನ ಅನಸತೈತಿ. ಆದ್ರ ತಕ್ಕಡ್ಯಾಗ ಹಾಕಿದಾಂವ ನಾ ಅಲ್ಲ, ಮನಿ ಕಳಕೊಂಡಾಂವ ಹಾಕಿದ್ದು.

ಹೋದ ತಿಂಗಳು ಒಂದು ಐತವಾರ ಮುಂಜಾನೆ ಕಾರು ಹಚ್ಚಾಕತ್ತಿದ್ನಿ, ಅಪ್ಪ ಧೋತರ ಉಟ್ಕೊಂಡು ಬಂದು ಮುಂದಿನ ಸೀಟಿನ್ಯಾಗ ಕುಂತ. ನಾ ಏನೂ ಕೇಳಲಿಲ್ಲ. ಕೆರಿ ದಂಡ್ಯಾಗ ಹಲಗಿ ಇಟ್ಟು ದೂರ ಹೋಗಿ ಕುಂತ್ನಿ, ಅಪ್ಪಗ ಕರಾರು ಗೊತ್ತಿತ್ತು, ಅಂವಾನೂ ಕುಂತ. ಕೆಂಚಿ ಹೋಗಿ ಮೂಸಿ ಬಂತು. ಮತ್ತ ಹೋಗಿ ಮೂಸಿ ಬಂತು. ಅಪ್ಪ ಸುತ್ತ ನೋಡಿ, ಕಿಸೆದಾಗಿಂದ ಪೇಪರಿನ್ಯಾಗ ಸುತ್ತಿದ ಕಟಕ್ ರೊಟ್ಟಿ ತಗದ, ಒಂದು ಚೂರು ಮುರದು ಹಲಗಿ ಮ್ಯಾಲ ಇಟ್ಟು ಬಂದ. "ಲಂಚಾ?" ಅಂದ್ನಿ. "ಸುಮ್ಮಿರು" ಅಂದ.

ಕೆಂಚಿ ಹತ್ತಿತು, ರೊಟ್ಟಿ ಕರಂ ಕರಂ ತಿಂತು, ಇಳದು ಬಂದು ಅಪ್ಪನ ಕಾಲಿಗೆ ಮೈ ಹಚ್ಚಿ ನಿಂತ್ತು. ಅವತ್ತು ಅದಕ್ಕ ಅಷ್ಟ ಬೇಕಾಗಿತ್ತು. ನಾ ಒಬ್ಬನ ಹಲಗಿ ದಬ್ಬಿಕೊಂಡು ಹೋದ್ನಿ, ಸ್ವಲ್ಪ ಸಿಟ್ಟಿಲೆನ. ಒಡ್ಡಿನ ಕಡೆ ಅರ್ಧ ದಾರಿ ಹೋಗಿರಬೇಕು, ಹಿಂದಿಂದ ಅಪ್ಪನ ದನಿ ಬಂತು.

"ತಮ್ಮಾ, ಅಲ್ಲಿ ಎಷ್ಟು ಆಳೈತಿ ನೋಡು!"

ಹುಟ್ಟು ನೆಟ್ಟಗ ಇಳಿಬಿಟ್ನಿ, ಪೂರಾ ಏಳು ಫೂಟು, ಕೈ ಮುಂಗೈತನ ತೊಯ್ತು, ಕೆಳಗ ಏನೂ ಹತ್ತಲಿಲ್ಲ.

"ಮುಟ್ಟವಲ್ದಪಾ!"

ಅಪ್ಪ ಎದ್ದು ನಿಂತಿದ್ದ, ಚಪ್ಪಲ್ ಬಿಟ್ಟು ಮೊಳಕಾಲ ತನ ನೀರಾಗ ಬಂದಿದ್ದ, ಧೋತರ ಒಂದು ಕೈಲೆ ಎತ್ತಿ ಹಿಡದಿದ್ದ, ಬಾಜೂಕ ಕೆಂಚಿ ಹೊಟ್ಟಿ ತನ ನೀರಾಗ ನಿಂತಿತ್ತು.

"ಹಂಗಾರ ಇತ್ಲಾಗ ಬಾ," ಅಂದ.